ಅರ್ಧ ಅಂಕ

ಮಾಳೆಯಂಡ ಉತ್ತಯ್ಯನವರು ಪ್ರಶ್ನೆ ಬರೆಯುತ್ತಿದ್ದುದು
ತೂಕದ ಚೀಟಿಯ ಬೆನ್ನಿಗೆ.
ಸಿದ್ದಾಪುರದ ಕಾಫಿ ಗೋದಾಮಿನ ಗುಮಾಸ್ತರು.
ಮುಂಬದಿಗೆ: ರೊಬಸ್ಟಾ ಚೆರಿ, ಹದಿನೇಳು ಮೂಟೆ, ತೇವ ಜಾಸ್ತಿ.
ಹಿಂಬದಿಗೆ: ಆಕ್ಟೋಪಸ್ಸಿಗೆ ಹೃದಯ ಎಷ್ಟು?

ಮೂರು, ಸಾರ್.
ಜಿರಾಫೆಯ ಕತ್ತಿನಲ್ಲಿ ಮೂಳೆ ಎಷ್ಟು?
ಏಳು. ನಿನ್ನ ಕತ್ತಿನಲ್ಲೂ ಏಳೇ ಮಗು, ಬೇಕಾದರೆ ಎಣಿಸಿಕೊ.
ನಾವೆಲ್ಲ ಪೆನ್ಸಿಲು ಕೆಳಗಿಟ್ಟು
ಕಾಲರಿನೊಳಗೆ ಬೆರಳು ತೂರಿಸುತ್ತಿದ್ದೆವು.

ಇತಿಹಾಸದ ಅತಿ ಚಿಕ್ಕ ಯುದ್ಧ ಜಾಂಜಿಬಾರಿನದು,
ನಲವತ್ತು ನಿಮಿಷವೂ ಹಿಡಿಯಲಿಲ್ಲವಂತೆ;
ನಮ್ಮ ಬಸ್ಸು ಮಡಿಕೇರಿ ಮುಟ್ಟುವಷ್ಟರಲ್ಲಿ
ಒಂದು ಯುದ್ಧ ಮುಗಿಸಿ ನಿಧಾನಕ್ಕೆ ಚಾ ಕುಡಿಯಬಹುದು, ಎಂದರು.
ಅಲ್ಲಿನ ಕೋಟೆಯ ಆನೆಗಳು ಗಾರೆಯವು,
ಮೊನಾಲಿಸಾಳಿಗೆ ಹುಬ್ಬಿಲ್ಲ,
ಕೊಡಗಿನ ರಾಜಕುಮಾರಿಯೊಬ್ಬಳು ಮಲಗಿರುವುದು
ಲಂಡನ್ನಿನ ಮಣ್ಣಿನಲ್ಲಿ.
ಇದನ್ನು ಹೇಳಿದಾಗ ಮಾತ್ರ ಕನ್ನಡಕ ತೆಗೆದು ಒರೆಸಿದರು,
ಮುಂದಿನ ಚೀಟಿ ಬರಲು ತಡವಾಯಿತು.

ತೊಂಬತ್ತಮೂರರ ಹುತ್ತರಿ ಕಳೆದ ಶನಿವಾರ, ಕೊನೆಯ ಸುತ್ತು.
ನಾನು, ಅಮ್ಮತ್ತಿಯ ಬಿದ್ದಪ್ಪ, ಸಮಸಮ.
ಮೇಜಿನ ಮೇಲೆ ಬಹುಮಾನದ ಟಾರ್ಚು, ಮೂರು ಸೆಲ್ಲಿನದು.
ನಮ್ಮ ಲೈನಿಗೆ ಆಗ ಕರೆಂಟಿರಲಿಲ್ಲ;
ರಾತ್ರಿ ಆನೆ ಬಂದರೆ ತಗಡು ಬಡಿಯುತ್ತಿದ್ದೆವು,
ಎಲ್ಲಿ ನಿಂತಿದೆಯೆಂದು ಯಾರಿಗೂ ಕಾಣುತ್ತಿರಲಿಲ್ಲ.

ಸೂರ್ಯನ ಸುತ್ತ ಗ್ರಹಗಳೆಷ್ಟು?

ನಾನು ಬಾಯಿಪಾಠ ಮಾಡಿದ್ದು ಲೈನಿನ ಬಾಗಿಲು ಬಾಗಿಲಿಗೆ.
ಮೊದಲನೆಯದು ಮೇಸ್ತ್ರಿಯದು, ಬುಧ.
ಮೂರನೆಯದು ನಮ್ಮದು, ಭೂಮಿ, ಒಳಗೆ ಉಪ್ಪಾ, ಉಮ್ಮಾ, ಒಂದು ಆಡು.
ಶನಿ ಯಾರ ಮನೆಯೆಂದು ಹೇಳುವುದಿಲ್ಲ,
ಅವಳಿನ್ನೂ ಬದುಕಿದ್ದಾಳೆ.
ಕಟ್ಟಕಡೆಯದು ಅಂಜಲೈಯದು, ಪ್ಲೂಟೋ.
ಆ ದೀಪಾವಳಿಗೆ ಮುಂಚೆ ಒಂದು ಬೆಳಗ್ಗೆ
ಅಲ್ಲಿ ಬೀಗ ನೇತಾಡುತ್ತಿತ್ತು.
ಸಾಲ ಅಂದರು, ವಯನಾಡು ಅಂದರು.
ನನ್ನ ಗಜ್ಜುಗದ ಐದು ಕಾಯಿ ಅವಳ ಹತ್ತಿರವೇ ಉಳಿದವು.

ಬಾಗಿಲು ಎಣಿಸುತ್ತಾ ಹೋದೆ. ಎಂಟು, ಅಂದೆ.
ಬಿದ್ದಪ್ಪ ಒಂಬತ್ತು ಅಂದ.
ಅವನ ಚಿಕ್ಕಪ್ಪನ ಚಪ್ಪಾಳೆ ಸಂತೆಯವರೆಗೂ ಕೇಳಿತು.

ಹದಿಮೂರನೆಯ ವರ್ಷ, ಆಗಸ್ಟು ಮುಗಿಯುತ್ತಾ ಬಂದಿತ್ತು.
ನೆಲ್ಯಹುದಿಕೇರಿ ಸೇತುವೆಯ ಪಕ್ಕ ನನ್ನ ಹೊಲಿಗೆ ಅಂಗಡಿ,
ಕೆಳಗೆ ಕಾವೇರಿ ಕೆಂಪಗೆ ಉಬ್ಬಿ ಬಿದಿರಿನ ಬುಡ ಮುಟ್ಟಿದ್ದಳು.
ಕೊಡೆ ಮಡಚಿ ಒಳಗೆ ಬಂದರು ಉತ್ತಯ್ಯನವರು,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪೇಪರು ಬಿಚ್ಚಿದರು.
ನೋಡು ಬೀಪಾತು, ಪ್ರಾಗ್ ಎಂಬಲ್ಲಿ ಪಂಡಿತರೆಲ್ಲ ಸೇರಿ
ನಮ್ಮ ಗ್ರಾಮಸಭೆಯ ಹಾಗೇ ಕೈಯೆತ್ತಿ
ಒಂದು ಗ್ರಹವನ್ನು ಪಟ್ಟಿಯಿಂದ ತೆಗೆದರು.
ಇನ್ನು ಎಂಟೇ.

ಜೇಬಿನಿಂದ ತೂಕದ ಚೀಟಿ. ಬೆನ್ನಿಗೆ, ನೀಲಿ ಶಾಯಿಯಲ್ಲಿ:
ಬಾಕಿ ಸಂದಾಯ, ಅರ್ಧ ಅಂಕ.
ಅರ್ಧ ಯಾಕೆ ಸಾರ್?
ಉತ್ತರ ಸರಿ. ಕಾರಣ ಗೊತ್ತಿಲ್ಲವಲ್ಲ,
ತೂಕ ಮಾಡದೆ ಪೂರ್ತಿ ಹೇಗೆ ಕೊಡಲಿ?

ಆಗ ಹೇಳಿದೆ. ಮೇಸ್ತ್ರಿಯ ಮನೆಯಿಂದ ಶುರುಮಾಡಿ ಬೀಗದವರೆಗೆ.
ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟೇ ಹೇಳಿದೆ.
ಅವರು ಚೀಟಿಯನ್ನು ಮುಂಬದಿಗೆ ತಿರುಗಿಸಿದರು, ಹಿಂಬದಿಗೆ ತಿರುಗಿಸಿದರು.
ಪಟ್ಟಿಯಿಂದ ತೆಗೆದರೆ ಏನು ಮಗು,
ಅದು ಸುತ್ತುವುದು ಬಿಟ್ಟಿಲ್ಲ, ಎಂದರು.
ಆಮೇಲೆ, ಗಂಟಲು ಸರಿಮಾಡಿ, ಹಳೆಯ ದನಿಯಲ್ಲಿ:
ಆ ಅಂಜಲೈ ಈಗ ಎಲ್ಲಿದ್ದಾಳೆ?

ಎಪ್ಪತ್ತಾರು ದೇಶದ ರಾಜಧಾನಿ ಹೇಳಬಲ್ಲೆ ನಾನು ಇವತ್ತಿಗೂ.
ಪಾಸ್, ಅಂದೆ.

ಪಾಸಾದ ಪ್ರಶ್ನೆ, ಎನ್ನುತ್ತಾ ಅವರು
ಅಳತೆಯ ರವಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದವಳ ಕಡೆ ತಿರುಗಿದರು.