ಮುಯ್ಯಿ ಪುಸ್ತಕದಲ್ಲಿ ಅಂಜಲೈ

ಅಪ್ಪನ ಕಡೆಯ ಮದುವೆಗೆ ಅಮ್ಮಾಯಿ ಬಂದದ್ದು
ಅದೇ ಮೊದಲು. ಎಂಬತ್ತೊಂದು ವರ್ಷ.
ಉಪ್ಪಳ್ಳಿಯಿಂದ ಬೈಪಾಸಿನ ಛತ್ರಕ್ಕೆ
ಆಟೋದವನು ಬಾಯಿಗೆ ಬಂದಷ್ಟು ಕೇಳಿದನೆಂದು
ಅರ್ಧ ದಾರಿ ನಡೆದೇ ಬಂದಿದ್ದಳು.

ಸುಖಾಗಮನ ಬಯಸುವವರ ಸಾಲಿನಲ್ಲಿ ಅವಳಿಲ್ಲ.
ಅಲ್ಲಿದ್ದದ್ದು ಆಲ್ದೂರಿನ ನಲವತ್ತು ಎಕರೆ,
ಮೂಡಿಗೆರೆಯ ಪೆಟ್ರೋಲ್ ಬಂಕು,
ನಿವೃತ್ತ ತಹಶೀಲ್ದಾರರು, ಎರಡು ಸಲ.
ಅಮ್ಮ ಹೇಗೂ ಮಲ್ಲಿಕಾ,
ಯಾವ ಕಡೆಗೂ ಸಲ್ಲುವ ಹೆಸರು.
ಲಿಲ್ಲಿ ಚಿಕ್ಕಮ್ಮ ಮಾತ್ರ ಲೀಲಾವತಿ ಎಂದು ಅಚ್ಚಾಗಿದ್ದಳು.
ಪ್ರಿಂಟಿನವನ ತಪ್ಪು, ಅಂದರು.
ಮನೆಯ ಮೂರು ಮದುವೆಗೂ ಅದೇ ಪ್ರಿಂಟಿನವನು,
ಅದೇ ತಪ್ಪು.
ಚಿಕ್ಕಮ್ಮ ಕೊಂಕಣಿಯಲ್ಲಿ ಏನೋ ಅಂದು, ನಕ್ಕು,
ಹೂವಿನ ಬುಟ್ಟಿ ಎತ್ತಿಕೊಂಡು ಹೋದಳು.

ಸೋಫಾ ಬೀಗರಿಗೆ, ಎಂದರು.
ಮೂವತ್ತೆಂಟು ವರ್ಷದಿಂದ ಇವಳೂ ಬೀಗಿತ್ತಿಯೇ.
ಆ ಲೆಕ್ಕ ಯಾರಿಗೂ ಹೊಳೆಯಲಿಲ್ಲ.
ಅಕ್ಷತೆ ಕೋಣೆಯ ಬಾಗಿಲಲ್ಲಿ
ಪ್ಲಾಸ್ಟಿಕ್ ಕುರ್ಚಿ ಹಾಕಿದವಳು ನಾನೇ.

ಮುಹೂರ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ
ದೊಡ್ಡಮ್ಮನ ಗುಂಡಿನ ಸರ ಕಿತ್ತು
ಅಕ್ಷತೆಯ ಪರಾತಕ್ಕೆ ಸುರಿಯಿತು.
ಅರಿಶಿನದ ಅಕ್ಕಿ, ಅಕ್ಕಿಗಿಂತ ಚೂರೇ ದಪ್ಪ ಚಿನ್ನ.
ಹುಡುಗಿಯರು ಮೊಬೈಲಿನ ಟಾರ್ಚು ಬಿಟ್ಟರು.
ಎಲ್ಲವೂ ಹೊಳೆಯಿತು, ಅದೇ ತೊಂದರೆ.

ಅಮ್ಮಾಯಿ ಕುರ್ಚಿಯಿಂದ ಇಳಿದು ನೆಲಕ್ಕೆ ಕೂತಳು.
"ಕೊಡು ಇಲ್ಲಿ."
ಮೂವತ್ತು ವರ್ಷ ಕ್ಯೂರಿಂಗ್ ವರ್ಕ್ಸಿನಲ್ಲಿ
ಕಾಫಿ ಬೀಜ ಆರಿಸಿದ ಕೈ.
ಏ ಒಂದು ಕಡೆ, ಬಿ ಒಂದು ಕಡೆ,
ಒಂಟಿಬೀಜದ ಪಿಬಿ ಬೇರೆ,
ಕರಿಯದು, ಒಡಕು, ಹುಳುಕು.
ಮಂಜಾದದ್ದು ಕಣ್ಣು. ಬೆರಳಿಗೇನು?
ಉಗುರಿನ ತುದಿಗೆ ಅಕ್ಕಿ ಸರಿಯಿತು, ಗುಂಡು ನಿಂತಿತು.
ಟಕ್, ಟಕ್, ಸ್ಟೀಲ್ ಲೋಟದೊಳಗೆ.
ಹೊರಗೆ ವಾಲಗದವರು ಶ್ರುತಿ ಹಿಡಿಯುತ್ತಿದ್ದರು.

ದೊಡ್ಡಮ್ಮ ಎಣಿಸಿದಳು. ಅರವತ್ತಮೂರು.
ಇನ್ನೊಂದು ಸಲ. ಅರವತ್ತಮೂರು.
ಯಾರೂ ಏನೂ ಅನ್ನಲಿಲ್ಲ.
ಕಣ್ಣುಗಳೆಲ್ಲ ಹೋಗಿ
ಒಂದು ಸೆರಗಿನ ಗಂಟಿನ ಮೇಲೆ ಕೂತವು, ಅಷ್ಟೆ.
ಕೇಳುವ ಮೊದಲೇ ಬಿಚ್ಚಿ ತೋರಿಸಿದಳು:
ಎಲೆ, ಸುಣ್ಣದ ಡಬ್ಬಿ, ವಾಪಸ್ಸು ಹೋಗಲು ಚಿಲ್ಲರೆ.
ಕ್ಯೂರಿಂಗಿನ ಗೇಟಿನಲ್ಲಿ ದಿನಾ ಸಂಜೆ
ತೋರಿಸಿ ಅಭ್ಯಾಸ.

ಅರವತ್ತನಾಲ್ಕನೆಯದು ಲಿಲ್ಲಿ ಚಿಕ್ಕಮ್ಮನಿಗೆ ಸಿಕ್ಕಿತು,
ದೊಡ್ಡಮ್ಮನದೇ ರೇಷ್ಮೆ ನೆರಿಗೆಯಲ್ಲಿ.

"ಎಂಥಾ ಕೈ ಮಾರಾಯ್ತಿ ನಿಂದು!" ಎಂದು
ಪರ್ಸು ತೆಗೆದು, ನೂರರ ನೋಟೊಂದನ್ನು
ಆ ಕೈಯೊಳಗೇ ಮಡಚಿಟ್ಟಳು ದೊಡ್ಡಮ್ಮ.
ಅಮ್ಮ ಗೋಡೆ ನೋಡಿದಳು.
ಬೇಡ ಅನ್ನು ಅಮ್ಮಾಯಿ, ಬೇಡ ಅನ್ನು,
ಎಂದೆ ನಾನು, ತುಟಿ ಬಿಚ್ಚದೆ.

ಅವಳು ಬೇಡ ಅನ್ನಲಿಲ್ಲ.
ನೋಟನ್ನು ಬೆಳಕಿಗೆ ಹಿಡಿದು ನೋಡಿ,
ನನ್ನ ಭುಜ ಊರಿಕೊಂಡು ಹೊರಟಳು.
ಸೋಫಾ ದಾಟಿ, ತಹಶೀಲ್ದಾರರು ಚಾಚಿದ ಕಾಲು ದಾಟಿ
ಮುಯ್ಯಿ ಬರೆಯುವ ಮೇಜಿಗೆ.
ಗಂಟಿನಿಂದ ಒಂದು ರೂಪಾಯಿ ತೆಗೆದು
ನೋಟಿನ ಮೇಲಿಟ್ಟಳು.
"ನೂರಾ ಒಂದು. ಬರಿಯಪ್ಪ."
"ಹೆಸರು?"
"ಅಂಜಲೈ. ಉಪ್ಪಳ್ಳಿ."
"ಇವರಿಗೆ ಏನಾಗಬೇಕು?"
ನಾಲಿಗೆಗೆ ಬಂದ ತಮಿಳಿನ ಪದ ನುಂಗಿ,
ಕನ್ನಡದ್ದು ಹುಡುಕಿ,
ಅದನ್ನೂ ಉಗುರಿನಲ್ಲಿ ಆರಿಸಿದಂತೆ,
"ಬೀಗರು" ಅಂದಳು.
"ದೊಡ್ಡಕ್ಷರದಲ್ಲಿ ಬರಿ."

ಆ ಪುಸ್ತಕ ಈಗ ದೊಡ್ಡಮ್ಮನ ಗಾಡ್ರೇಜಿನಲ್ಲಿದೆ.
ಮೊನ್ನೆ ಉಪ್ಪಳ್ಳಿಯಿಂದ ಲಗ್ನಪತ್ರಿಕೆ ಬಂತು.
ಮಾವನ ಮಗ ಇಳಂಗೋಗೂ
ಕಾಫಿ ಕೊಯ್ಲಿಗೆ ಬಂದು ಲೈನಿನಲ್ಲೇ ಉಳಿದ
ಅಸ್ಸಾಮಿನ ಜುನ್ಮೋನಿಗೂ.
ಸುಖಾಗಮನ ಬಯಸುವವರಲ್ಲಿ
ದೊಡ್ಡಮ್ಮನ ಹೆಸರಿದೆ, ಕಾಗುಣಿತ ತಪ್ಪದೆ.
ಪಕ್ಕದಲ್ಲೇ ಲಿಲ್ಲಿ. ಲಿಲ್ಲಿ ಎಂದೇ.

ಬಂದ ಮುಯ್ಯಿ ತೀರಿಸದೆ ಇರುವಂತಿಲ್ಲ ನಮ್ಮಲ್ಲಿ.
ನಿನ್ನೆ ರಾತ್ರಿ ದೊಡ್ಡಮ್ಮನ ಫೋನು:
"ಅಲ್ವೇ, ಆ ಓಣಿಯೊಳಗೆ ಕಾರು ಹೋಗುತ್ತೇನೇ?"

ಅರ್ಧ ದಾರಿ ಹೋಗುತ್ತೆ, ಅಂದೆ.