ಏಳನೇ ಪುಟ

ಸಮ್ಮತಿ ಪತ್ರ ಓದಿ ಹೇಳುವುದು ನನ್ನ ಕೆಲಸ.
ಆರು ಪುಟ ಸರಾಗ. ಏಳರಲ್ಲಿ ಒಂದು ಸಾಲಿದೆ,
ಅಲ್ಲಿಗೆ ಬಂದಾಗಲೆಲ್ಲ ನೀರು ಕುಡಿಯುತ್ತೇನೆ:
‘ಈ ಸಂಶೋಧನೆಯಿಂದ ನಿಮ್ಮ ಮಗುವಿಗೆ
ನೇರ ಪ್ರಯೋಜನ ಇರಲಾರದು.’

ದಾದಾಪೀರ್ ಮಂಡಕ್ಕಿ ಭಟ್ಟಿಯಿಂದ ನೆಟ್ಟಗೆ ಬಂದಿದ್ದ,
ಹುಬ್ಬಿನ ಮೇಲೆ ಹೊಟ್ಟಿನ ಬೂದಿ.
ಪಕ್ಕದಲ್ಲಿ ಜೀನತ್. ಒಂಬತ್ತು ವರ್ಷ, ಹದಿನೇಳು ಕೇಜಿ,
ತಮ್ಮನ ಅಂಗಿಯೂ ಸಡಿಲ.
ಮಾತ್ರೆಗೆ ಊದಿದ ಕೆನ್ನೆ ಮಾತ್ರ
ಬೇರೆ ಯಾರೋ ಹುಡುಗಿಯದು.
ದಾವಣಗೆರೆ ಅವಳಿಗೆ ಗೊತ್ತಿರುವುದೇ ಇನ್ನೊಂದು ಥರ:
ಯಾವ ಬಂಕಿನ ಕಕ್ಕಸಿಗೆ ಚಿಲಕ ಇದೆ,
ಶಾಲೆಯ ದಾರಿಯಲ್ಲಿ ಯಾವ ಅಂಗಡಿಯಾಕೆ
ಬೈಯದೆ ಒಳಗೆ ಬಿಡುತ್ತಾಳೆ.
ರಕ್ತ ಹೋಗುವುದನ್ನು ಅಮ್ಮನಿಗೂ ಹೇಳಿರಲಿಲ್ಲವಂತೆ,
ನಾಲ್ಕು ತಿಂಗಳು.

ಡಾಕ್ಟರು ಕಲಿಸಿದ್ದನ್ನೇ ಹೇಳಿದೆ, ದಿನಾ ಹೇಳುವಂತೆ:
ಮೈಯೊಳಗೊಬ್ಬ ಕಾವಲುಗಾರ ಇರ್ತಾನಮ್ಮ,
ಮನೆಯವರನ್ನೇ ಕಳ್ಳರು ಅಂದುಕೊಂಡು
ಕರುಳಿನ ಗೋಡೆಗೆ ಬಡೀತಿದಾನೆ.
ಜೀನತ್ ಕಾಲು ಅಲ್ಲಾಡಿಸುವುದು ನಿಲ್ಲಿಸಿದಳು.
‘ಅವರು ಕಳ್ಳರು ಅಂತ
ಅವನಿಗೆ ಯಾರ್ ಹೇಳಿದ್ರು?’

ಮೂರು ವರ್ಷದ ಅನುದಾನ, ಎಂಬತ್ತು ಪುಟದ ಪ್ರಸ್ತಾವ,
ಜೀನುಗಳ ಪಟ್ಟಿ, ಕರುಳಲ್ಲಿ ಸಂಸಾರ ಹೂಡಿದ ಜೀವಾಣು,
ಬಿಳಿ ರಕ್ತಕಣಗಳು ಒಂದಕ್ಕೊಂದು ಕಳಿಸುವ ಚೀಟಿ,
ಎಲ್ಲ ಇದೇ ಪ್ರಶ್ನೆ, ಹುಡುಗಿ.
ಹಾಗೆ ಹೇಳಲಿಲ್ಲ. ‘ಅದನ್ನೇ ಹುಡುಕ್ತಿದೀವಿ’ ಅಂದೆ,
ಪೆನ್ನಿನ ಮುಚ್ಚಳ ಹುಡುಕುತ್ತ.

ಆಮೇಲೆ ಏಳನೇ ಪುಟ. ನೀರು ಕುಡಿದೆ. ಓದಿದೆ.
‘ಹಂಗಾದ್ರೆ ಇದು ಯಾರಿಗ್ ಮೇಡಂ?’
ಮುಂದೆ ಬರೋ ಮಕ್ಕಳಿಗೆ, ಅಂದೆ. ನನ್ನ ದನಿ ನನಗೇ
ಎಲ್‌ಐಸಿ ಏಜೆಂಟನದಂತೆ ಕೇಳಿಸಿತು.
ಅವನು ಸ್ವಲ್ಪ ಹೊತ್ತು ಕ್ಯಾಲೆಂಡರ್ ನೋಡಿದ.
‘ಭಟ್ಟಿಯಾಗೂ ಅಷ್ಟೆ. ಭತ್ತ ನೆನೆಸೋನು ಒಬ್ಬ.
ಬಿಸಿ ಮರಳಾಗೆ ಅರಳೋ ಹೊತ್ತಿಗೆ
ಅವ ಮನೆಯಾಗ್ ಮಲಗಿರ್ತಾನೆ.’
ಉರ್ದುವಿನಲ್ಲಿ ಸಹಿ ಮಾಡಿದ, ನಿಧಾನ.
ಜೀನತ್ ಕನ್ನಡದಲ್ಲಿ ಬರೆದಳು,
ಜೀಗೆ ದೀರ್ಘ ಬಿಟ್ಟು.

ಆ ಹೆಸರನ್ನು ನಾನೇ ತೆಗೆಯಬೇಕು, ನಿಯಮ.
ನಳಿಕೆಯ ಮೇಲೆ: ಡಿ-೪೧.
ಅಕ್ಕಿಕಾಳಿನಷ್ಟು ಕರುಳು, ಎರಡು ಚಮಚ ರಕ್ತ.
ಎರಡು ಗಂಟೆಯೊಳಗೆ ಲ್ಯಾಬು ಸೇರಬೇಕು,
ಕಣಗಳು ಕಾಯುವುದಿಲ್ಲ.
ಅಶೋಕ ಟಾಕೀಸ್ ಹತ್ತಿರ ಗೇಟು ಬಿತ್ತು. ಗೂಡ್ಸ್ ಗಾಡಿ.
ಐವತ್ತೆರಡು ಬೋಗಿ ಎಣಿಸಿದೆ.
ಸ್ಕೂಟಿಯ ಮೇಲಿನ ಡಬ್ಬ ನೋಡಿ ಆಟೋದವ
‘ಐಸ್ ಕ್ಯಾಂಡಿನಾ ಅಕ್ಕಾ?’ ಅಂದ.
ಹ್ಞೂಂ ಅಂದೆ.

ರಾತ್ರಿಯಿಡೀ ಯಂತ್ರ ಕಣಗಳನ್ನು ಜರಡಿ ಹಿಡಿಯಿತು,
ಹಸಿರು ಚುಕ್ಕೆ ಈ ಕಡೆ, ಕೆಂಪು ಆ ಕಡೆ.
ಒಂದೂ ಬಾಯಿ ಬಿಡಲಿಲ್ಲ.
ಮೆಟ್ಟಿಲ ಮೇಲೆ ಕೂತು
ದಾದಾಪೀರ್ ಕೊಟ್ಟ ಮಂಡಕ್ಕಿ ತಿಂದೆ,
ಒಗ್ಗರಣೆ ಇಲ್ಲದ್ದು, ಬರೀ ಉಪ್ಪು.
ಅವಳ ಪಥ್ಯದ ಪಟ್ಟಿಯಲ್ಲಿ ಇದು ಇದೆಯೋ ಇಲ್ಲವೋ,
ಕೇಳಲು ಮರೆತಿದ್ದೆ.