ಗುರುವಾರದ ಕೋಣೆ

ಮಸೇರುವಿನ ಜೀನ್ಸ್ ಕಾರ್ಖಾನೆಯಲ್ಲಿ
ದಾರದ ಉಗ್ರಾಣ ಖಾಲಿ ಮಾಡಿಸಿ
ಎರಡು ಕುರ್ಚಿ ಹಾಕಿಸಿದೆವು.
ಬಾಗಿಲಿಗೆ ‘ಮನಸ್ಸು ಬಿಚ್ಚಿ ಮಾತಾಡಿ’ ಎಂದು
ಬೋರ್ಡು ಬರೆಸಿದವನು ನಾನೇ.
ಮೂರು ಗುರುವಾರ ಒಂದು ನರಪಿಳ್ಳೆಯೂ ಸುಳಿಯಲಿಲ್ಲ.

ನಾಲ್ಕನೆಯ ವಾರ ಮಾಥಕಾನೆ ಬಂದರು,
ಇಪ್ಪತ್ತೆರಡು ವರ್ಷ ಇಲ್ಲೇ ಜೇಬು ಹೊಲಿದ ಮುದುಕಿ.
ಬೋರ್ಡು ಓದಿ, ನಕ್ಕು, ಕಳಚಿ, ಅದರ ಮೇಲೇ ಕೂತರು.
‘ಉಣ್ಣೆ ಸಿಕ್ಕಾಗಿದೆ, ತುದಿ ಹಿಡಿಯೋರು ಬೇಕು’
ಅಂತಷ್ಟೇ ಹೇಳಿಕಳಿಸಿದರು.

ಮೊದಲು ಬಂದವಳು ಲಿಮಕಾತ್ಸೊ.
ಎರಡೂ ಕೈಗೆ ಎಳೆ ಸುತ್ತಿಸಿಕೊಂಡು ಸುಮ್ಮನಿದ್ದಳು.
ಉಂಡೆ ಅರ್ಧವಾಗುವ ಹೊತ್ತಿಗೆ
ಗೋಡೆಗೆ ಹೇಳುವ ಹಾಗೆ ಹೇಳಿದಳು:
ಬ್ಯಾಂಕಿನ ಕಾರ್ಡು ಬಡ್ಡಿಯವನ ಪೆಟ್ಟಿಗೆಯಲ್ಲಿದೆ,
ಸಂಬಳದ ದಿನ ಎಟಿಎಂ ಮುಂದೆ ಅವನೇ ಮೊದಲು,
ಮಿಕ್ಕಿದ್ದು ಬಸ್ಸಿಗೆ.
ಕೈ ಕಟ್ಟಿದ್ದರಿಂದ
ಭುಜಕ್ಕೆ ಕೆನ್ನೆ ಉಜ್ಜಿಕೊಂಡಳು.

ನಾನು ಕೊಟ್ಟದ್ದು ಮುಂಗಡದ ಚೀಟಿ, ಒಂದು ಸಹಿ.
ಬಡ್ಡಿಯವನ ಬಾಗಿಲಿಗೆ ಜೊತೆ ಹೋದವರು
ಹನ್ನೊಂದನೆಯ ಸಾಲಿನ ಏಳು ಹೆಂಗಸರು,
ಕಂಬಳಿ ಹೊದ್ದು, ದೇವರ ಹಾಡು ಹಾಡುತ್ತ.
ಬೆಳಗ್ಗೆ ಯಂತ್ರ ತಿರುಗುವ ಮುಂಚೆ ಹಾಡುತ್ತಿದ್ದರಲ್ಲ, ಅದೇ;
ದಿನಕ್ಕೆರಡು ನಿಮಿಷ ನಷ್ಟವೆಂದು
ಹೋದ ವರ್ಷ ನಾನು ನಿಲ್ಲಿಸಿದ್ದು.

ಕಾರ್ಡು ಬಂತು. ಅವಳ ಸಾಲ ಇನ್ನೂ ಇದೆ.
ನಾಳೆಯಿಂದ ಗಂಟೆ ಎರಡು ನಿಮಿಷ ತಡವಾಗಿ ಹೊಡೆಯುತ್ತದೆ.

ತಿಂಗಳ ವರದಿಯಲ್ಲೊಂದು ಕಲಂ:
‘ಫಲಾನುಭವಿಗಳ ಸಂಖ್ಯೆ’.
ಪೆನ್ನು ಹಿಡಿದು ಆಗಿನಿಂದ ಕೂತಿದ್ದೇನೆ.
ಹೊಸ ಸಿಕ್ಕು ಹೊತ್ತು ಬಂದ ಮಾಥಕಾನೆ
ಬಾಗಿಲಲ್ಲಿ ನಿಂತು ಕೇಳುತ್ತಾರೆ:
‘ನಿನ್ನ ಕೈ ಖಾಲಿ ಇದೆಯೇನಪ್ಪ?’